ಇಳಿಜಾರಿನಲ್ಲಿ ಕ್ಯಾರವಾನ್ ಎಳೆಯುವವರಿಗೆ ರೆಡಾರ್ಕ್ ಟೋ-ಪ್ರೋ ಎಲೀಟ್: ಒಂದು ವಿಮರ್ಶೆ

ಆಸ್ಟ್ರೇಲಿಯಾದ ಸೌತ್ ಈಸ್ಟರ್ನ್ ಫ್ರೀವೇ ಹೆದ್ದಾರಿಯಲ್ಲಿ ಅಡಿಲೇಡ್ ನಗರದ ಕಡೆಗೆ ಬರುವವರು ಕ್ರಾಫರ್ಸ್ ಊರು ದಾಟಿದ ಮೇಲೆ, ಟೋಲ್‌ಗೇಟ್ ಎಂದು ಕರೆಯುವ ಕೂಡುರಸ್ತೆಯನ್ನು ಮುಟ್ಟುವವರೆಗೆ ಏಳೆಂಟು ಕಿಲೋಮೀಟರ್ ದೂರ ಬಿಡುವಿಲ್ಲದ ಇಳಿಜಾರಿನಲ್ಲಿ ಸಾಗಬೇಕಾಗುತ್ತದೆ. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದು ಸಡಿಲವಾದ ಜಲ್ಲಿ ತುಂಬಿದ ಎರಡು ತಡೆಹಾದಿಗಳನ್ನು ಈ ದಾರಿಯ ಪಕ್ಕದಲ್ಲಿ ಕಟ್ಟಿದ್ದಾರೆ. 2014ರ ಆಗಸ್ಟ್ ತಿಂಗಳಲ್ಲಿ ಟ್ಯಾಂಕರ್ ಲಾರಿಯೊಂದು ಇಳಿಜಾರಿನ ತುದಿಯಲ್ಲಿ ಹತೋಟಿ ತಪ್ಪಿ ವಾಹನಗಳಿಗೆ ಅಪ್ಪಳಿಸಿದಾಗ ಇಬ್ಬರು ಪ್ರಾಣ ಕಳೆದುಕೊಂಡರು. ಮುಖ್ಯ ಬ್ರೇಕನ್ನು ನೆಚ್ಚದೆ ವೇಗ ತಡೆಯಬಲ್ಲಂಥ ಕೆಳ ಗೇರಿನಲ್ಲೇ ಲಾರಿ ಮತ್ತು ಬಸ್ಸುಗಳು ಇಲ್ಲಿ ಇಳಿಯಬೇಕೆಂಬ ನಿಯಮವಿದೆ. ಕಾರಿನ ಹಿಂದೆ ಎರಡೂವರೆ ಟನ್ ತೂಕದ ಕ್ಯಾರವಾನ್, ಅಂದರೆ ಎಳೆದೊಯ್ಯುವ ಗಾಲಿಮನೆಯನ್ನು ಕಟ್ಟಿಕೊಂಡು ಇಳಿಯುವವರಿಗೆ ಆ ನಿಯಮ ಅನ್ವಯಿಸುವುದಿಲ್ಲವಾದರೂ ಅದರ ಹಿಂದಿರುವ ಕಾರಣ ಪೂರ್ತಿಯಾಗಿ ಅನ್ವಯಿಸುತ್ತದೆ.

ಅಡಿಲೇಡಿನಲ್ಲಿ ವಾಸಿಸುವ ನಮ್ಮ ಕುಟುಂಬ ಮರ್ರೆ ನದಿಯ ದಂಡೆಗೆ ಹೋದರೂ, ಇನ್ನೂ ಮುಂದೆ ವಿಕ್ಟೋರಿಯಾ ರಾಜ್ಯಕ್ಕೆ ಹೋದರೂ, ಮನೆ ಸೇರುವ ಮೊದಲು ಈ ಗುಡ್ಡವನ್ನು ಇಳಿಯಲೇಬೇಕು. ಆದ್ದರಿಂದ ಕ್ಯಾರವಾನ್ ಕೊಂಡಾಗ ಒಳಗಿನ ಅಡುಗೆಮನೆ, ಹಾಸಿಗೆ, ಮೇಲಾವರಣಗಳಿಗಿಂತ ಹೆಚ್ಚು ಯೋಚಿಸಿ ಆರಿಸಿದ್ದು ಅದರ ಬ್ರೇಕುಗಳನ್ನು ನಿಯಂತ್ರಿಸುವ ಸಣ್ಣ ಪೆಟ್ಟಿಗೆಯನ್ನು. ಇದೇ ನಗರದ ದಕ್ಷಿಣ ಭಾಗದ ಲಾನ್ಸ್‌ಡೇಲಿನಲ್ಲಿ ನೆಲೆಯಿರುವ ರೆಡಾರ್ಕ್ ಕಂಪನಿಯ ಟೋ-ಪ್ರೋ ಎಲೀಟ್ ಬ್ರೇಕ್ ಕಂಟ್ರೋಲರನ್ನು ಅಂದಿನಿಂದ ಬಳಸುತ್ತಿದ್ದೇನೆ. ಇಳಿಜಾರಿನಲ್ಲಿ ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಉಪಕರಣವನ್ನು ಹಾಕಿಸಿಕೊಂಡ ಮೇಲೆ ಇನ್ನು ಬ್ರೇಕಿನ ಚಿಂತೆಯಿಲ್ಲ ಎಂದು ಭಾವಿಸುವ ಸ್ನೇಹಿತರನ್ನು ಬಹಳ ಕಂಡಿದ್ದೇನೆ.

ಆಸ್ಟ್ರೇಲಿಯಾದ ನಿಯಮದ ಪ್ರಕಾರ, ತನ್ನ ಚಕ್ರಗಳ ಮೇಲೆ 750 ಕಿಲೋಗ್ರಾಂವರೆಗೆ ಭಾರ ಹೊರುವ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯವಲ್ಲ. ಅದಕ್ಕಿಂತ ಹೆಚ್ಚಾಗಿ 2,000 ಕಿಲೋಗ್ರಾಂವರೆಗೆ ಕನಿಷ್ಠ ಒಂದು ಅಚ್ಚಿನ, ಅಂದರೆ ಆಕ್ಸಲ್‌ನ ಚಕ್ರಗಳಿಗೆ ಬ್ರೇಕ್ ಇರಬೇಕು. 2,000 ಕಿಲೋಗ್ರಾಂ ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕು, ಚಾಲಕ ತನ್ನ ಆಸನದಿಂದಲೇ ಅದನ್ನು ಹಾಕುವಂತಿರಬೇಕು, ಮತ್ತು ಕ್ಯಾರವಾನ್ ಕೊಂಡಿ ಕಳಚಿ ಬೇರ್ಪಟ್ಟರೆ ತಾನಾಗಿಯೇ ಬ್ರೇಕ್ ಹಿಡಿದು ಕನಿಷ್ಠ 15 ನಿಮಿಷ ಬಿಡದಂಥ ವ್ಯವಸ್ಥೆಯಿರಬೇಕು. ಹಗುರವಾದ ಟ್ರೇಲರುಗಳಲ್ಲಿ ಕಾಣುವ ಓವರ್‌ರೈಡ್ ಬ್ರೇಕ್ ಬೇರೆ ಬಗೆಯದು. ಹಿಂದಿನ ಭಾರ ಕೊಂಡಿಯನ್ನು ಮುಂದಕ್ಕೆ ತಳ್ಳಿದಾಗ ಆ ತಳ್ಳುವಿಕೆಯಿಂದಲೇ ಅದು ಬಿಗಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಸಾಕು. ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಕಾರು ಕೆಳ ಗೇರಿನಲ್ಲಿ ಭಾರವನ್ನು ತಡೆದಷ್ಟೂ ಟ್ರೇಲರ್ ಕೊಂಡಿಯನ್ನು ಒತ್ತುತ್ತಲೇ ಇರುತ್ತದೆ, ಬ್ರೇಕ್ ಶೂಗಳೆಂಬ ಬಾಗಿದ ಪಟ್ಟಿಗಳು ಚಕ್ರದೊಂದಿಗೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಉಜ್ಜುತ್ತಲೇ ಇರುತ್ತವೆ, ತಣಿಯಲು ಬಿಡುವೇ ಸಿಗುವುದಿಲ್ಲ. ವಿದ್ಯುತ್ ಬ್ರೇಕಿನಲ್ಲಿ ಆ ತೊಂದರೆಯಿಲ್ಲ. ಡ್ರಮ್ಮಿನೊಳಗಿನ ಮ್ಯಾಗ್ನೆಟ್ಟಿಗೆ ಕಂಟ್ರೋಲರ್ ವಿದ್ಯುತ್ ಕೊಟ್ಟಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಸನ್ನೆಗೋಲನ್ನು ಎಳೆಯುತ್ತದೆ, ಸನ್ನೆಗೋಲು ಶೂಗಳನ್ನು ಅಗಲಿಸುತ್ತದೆ. ವಿದ್ಯುತ್ ನಿಂತ ಕೂಡಲೇ ಹಿಡಿತವೂ ಬಿಡುತ್ತದೆ. ಯಾವಾಗ ಹಿಡಿಯಬೇಕು, ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಮೂರೂ ಚಾಲಕನ ಕೈಗೆ ಬರುತ್ತವೆ. ಗುಡ್ಡ ಇಳಿಯುವವರಿಗೆ ಈ ಕೊನೆಯದೇ ಬಹಳ ಮುಖ್ಯ.

ಟೋ-ಪ್ರೋ ಎಲೀಟಿನ ಮುಖ್ಯ ಘಟಕ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿ ಕೂರುತ್ತದೆ. ಹೊರಗೆ ಕಾಣುವುದು ಸೊನ್ನೆಯಿಂದ 10ರವರೆಗೆ ತಿರುಗಿಸಬಹುದಾದ ಒಂದು ಪುಟ್ಟ ಗುಂಡಿ ಮಾತ್ರ. ಕಾರಿನಲ್ಲಿ ಖಾಲಿ ಬಿಟ್ಟಿರುವ ಸ್ವಿಚ್ಚಿನ ಜಾಗದಲ್ಲಿ ಅದನ್ನು ಕೂರಿಸಬಹುದು. ಗುಂಡಿಯೊಳಗಿನ ದೀಪ ಕ್ಯಾರವಾನಿಗೆ ವಿದ್ಯುತ್ ಸಂಪರ್ಕ ಆಗಿದೆಯೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ, ಬ್ರೇಕ್ ಹಾಕಿದಾಗ ಬಣ್ಣ ಬದಲಿಸುತ್ತದೆ. ಹೊರಡುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದು, ಪ್ಲಗ್ ಸರಿಯಾಗಿ ಕೂತಿದೆಯೇ ನೋಡಿ, ಬಳಿಕ ಈ ದೀಪವನ್ನು ನೋಡುವುದು ನಮ್ಮ ಮನೆಯವರೆಲ್ಲರ ರೂಢಿ.

ಅದರಲ್ಲಿ ಎರಡು ಬಗೆಯ ಕಾರ್ಯವಿಧಾನಗಳಿವೆ. ಮೊದಲನೆಯದರಲ್ಲಿ, ಕಾರು ಎಷ್ಟು ರಭಸದಿಂದ ನಿಧಾನವಾಗುತ್ತಿದೆ ಎಂಬುದನ್ನು ಒಳಗಿನ ಸಂವೇದಕ ಅಳೆದು ಅದಕ್ಕೆ ತಕ್ಕಷ್ಟು ವಿದ್ಯುತ್ತನ್ನು ಕ್ಯಾರವಾನಿಗೆ ಕಳಿಸುತ್ತದೆ: ಪೆಡಲನ್ನು ಮೆಲ್ಲನೆ ಒತ್ತಿದರೆ ಮೆಲ್ಲನೆ, ಬಲವಾಗಿ ಒತ್ತಿದರೆ ಬಲವಾಗಿ. ಡಾಂಬರು ರಸ್ತೆಗೆ ಇದೇ ಸರಿ. ಎರಡನೆಯದರಲ್ಲಿ ಪೆಡಲನ್ನು ಹೇಗೆ ಒತ್ತಿದರೂ ಗುಂಡಿಯಲ್ಲಿ ನಿಗದಿ ಮಾಡಿದಷ್ಟೇ ಬಲ ಹೋಗುತ್ತದೆ. ನಡೆಯುವಷ್ಟು ನಿಧಾನವಾಗಿ ಇಳಿಯಬೇಕಾದ ಕಡಿದಾದ ಮಣ್ಣು ರಸ್ತೆಗಳಲ್ಲಿ, ಒಳಗಿನ ಸಂವೇದಕಕ್ಕೆ ಅಳೆಯಲು ಹೆಚ್ಚೇನೂ ಸಿಗದಿರುವಾಗ, ಕ್ಯಾರವಾನ್ ಹಿಂದಿನಿಂದ ತಳ್ಳದಂತೆ ಹಿಡಿದಿಡಲು ಇದು ತುಂಬ ಉಪಕಾರಿ. ಆದರೆ ಸಡಿಲ ಜಲ್ಲಿಯ ಮೇಲೆ ಗುಂಡಿಯನ್ನು ಹೆಚ್ಚು ತಿರುಗಿಸಿಟ್ಟರೆ ಕ್ಯಾರವಾನಿನ ಚಕ್ರಗಳು ಉರುಳುವುದನ್ನು ಬಿಟ್ಟು ಜಾರತೊಡಗುತ್ತವೆ, ಜಾರುವ ಚಕ್ರಕ್ಕೆ ದಿಕ್ಕಿನ ಹಂಗಿರುವುದಿಲ್ಲ. ಗುಂಡಿ ಬೆರಳಿಗೆ ಎಟುಕುವಂತಿದ್ದು ರಸ್ತೆಯನ್ನು ನೋಡುತ್ತಲೇ ಒಂದೆರಡು ಅಂಕ ಇಳಿಸಬಹುದಾದ್ದರಿಂದ ಈ ವಿನ್ಯಾಸವನ್ನು ನಾನು ಬಹಳ ಮೆಚ್ಚುತ್ತೇನೆ.

ಈಗ ಇಳಿಜಾರಿನ ವಿಷಯಕ್ಕೆ ಬರೋಣ. ನಮ್ಮ ಕಾರು ಮತ್ತು ಕ್ಯಾರವಾನ್ ಸಾಮಾನು ತುಂಬಿದಾಗ ಒಟ್ಟು ಸುಮಾರು 5 ಟನ್ ತೂಗುತ್ತವೆ. ಇಷ್ಟು ಭಾರ 1,000 ಮೀಟರ್ ಎತ್ತರದಿಂದ ಇಳಿದರೆ (ವಿಕ್ಟೋರಿಯಾದ ಹೋಥಮ್ ಪರ್ವತದ ಮೇಲಿಂದ ಗ್ರೇಟ್ ಆಲ್ಪೈನ್ ರಸ್ತೆಯಲ್ಲಿ ಹ್ಯಾರಿಯೆಟ್‌ವಿಲ್ ಊರಿಗೆ ಇಳಿಯುವ ಎತ್ತರ ಇದಕ್ಕಿಂತಲೂ ಹೆಚ್ಚು), ಸುಮಾರು 49 ಮೆಗಾಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಬಚ್ಚಲುಮನೆಯ ದೊಡ್ಡ ಹಂಡೆಯಲ್ಲಿ 145 ಲೀಟರ್ ತಣ್ಣೀರನ್ನು ಕುದಿ ಬರುವವರೆಗೆ ಕಾಯಿಸಲು ಬೇಕಾಗುವಷ್ಟು ಶಾಖ ಅದು. ಎಂಜಿನ್ ಅದನ್ನು ಹೀರಿಕೊಳ್ಳದಿದ್ದರೆ ಅಷ್ಟೂ ಶಾಖ ಕಾರಿನ ಡಿಸ್ಕುಗಳಿಗೂ ಕ್ಯಾರವಾನಿನ ನಾಲ್ಕು ಡ್ರಮ್ಮುಗಳಿಗೂ ಹೋಗುತ್ತದೆ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಶೂಗಳ ಮೇಲೆ ಅಂಟಿಸಿದ ಉಜ್ಜುವ ಪದರ, ಅಂದರೆ ಲೈನಿಂಗ್, ಕಾದಾಗ ಹಿಡಿತ ಕಳೆದುಕೊಳ್ಳುತ್ತದೆ. ಕಾರಿನ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕೆಂಬ ಮಾನದಂಡ ತೇವ ಸೇರಿದ ದ್ರವದ ವಿಷಯದಲ್ಲಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕಿಳಿಯುತ್ತದೆಯೇ ಹೊರತು ಕಾರು ನಿಲ್ಲುವುದಿಲ್ಲ. ಜಗತ್ತಿನ ಯಾವ ಕಂಟ್ರೋಲರೂ ಈ ಶಾಖವನ್ನು ಕಡಿಮೆ ಮಾಡಲಾರದು. ಕಾರು ಮತ್ತು ಕ್ಯಾರವಾನಿನ ನಡುವೆ ಅದನ್ನು ನ್ಯಾಯವಾಗಿ ಹಂಚುವುದಷ್ಟೇ ಅದರ ಕೆಲಸ, ಮತ್ತು ಆ ಕೆಲಸವನ್ನು ಟೋ-ಪ್ರೋ ಎಲೀಟ್ ಚೆನ್ನಾಗಿ ಮಾಡುತ್ತದೆ.

ಶಾಖವನ್ನು ಕಡಿಮೆ ಮಾಡುವುದು ಗೇರ್. ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕೆಂದು ಆಗುಂಬೆ, ಚಾರ್ಮಾಡಿ ಘಾಟಿಗಳ ಬಸ್ ಚಾಲಕರು ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ ಇಲ್ಲಿಯೂ ಸರಿಯೇ. ಒಂದು ತಿದ್ದುಪಡಿ ಮಾತ್ರ ಬೇಕು: ಇಂದಿನ ಟರ್ಬೋ ಡೀಸೆಲ್ ಎಂಜಿನ್ನುಗಳು ಮೇಲಿನ ಗೇರಿನಲ್ಲೇ ಸಲೀಸಾಗಿ ಹತ್ತಿಬಿಡುತ್ತವೆ, ಆದರೆ ಗಾಳಿಯ ದಾರಿಯನ್ನು ಪೆಟ್ರೋಲ್ ಎಂಜಿನ್ನಿನಂತೆ ಮುಚ್ಚದ ಕಾರಣ ಇಳಿಯುವಾಗ ಅವುಗಳ ತಡೆ ಕಡಿಮೆ. ಹಾಗಾಗಿ ಹತ್ತಿದ ಗೇರಿಗಿಂತ ಒಂದು ಕೆಳಗಿನದನ್ನು ಆರಿಸುವುದು ಒಳ್ಳೆಯದು. ಆರಿಸುವ ಕೆಲಸ ಗುಡ್ಡದ ನೆತ್ತಿಯಲ್ಲೇ, ಇಳಿಜಾರು ಶುರುವಾಗುವ ಮೊದಲೇ ಮುಗಿಯಬೇಕು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವವರು ಅದನ್ನು ಕೈಗೇರಿನ ವಿಧಾನಕ್ಕೆ ಬದಲಿಸಿ, ವೇಗವನ್ನು ತಾನಾಗಿ ಒಂದೇ ಮಟ್ಟದಲ್ಲಿಡುವ ಕ್ರೂಸ್ ಕಂಟ್ರೋಲನ್ನು ಆಫ್ ಮಾಡಬೇಕು. ಎಂಜಿನ್ನಿನ ಸದ್ದು ಜೋರಾಗುತ್ತದೆ ಎಂದು ಹೆದರಿ ಮೇಲಿನ ಗೇರಿಗೆ ಹೋಗುವವರಿದ್ದಾರೆ. ಎಂಜಿನ್ ವೇಗ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟದವರೆಗೆ ಆ ಸದ್ದಿನಿಂದ ಕೆಡುಕೇನೂ ಇಲ್ಲ.

ಗೇರ್ ಹಿಡಿದೂ ವೇಗ ಏರಿದರೆ ಬ್ರೇಕನ್ನು ಬಳಸುವ ಕ್ರಮವಿದೆ. ಗಂಟೆಗೆ 60 ಕಿಲೋಮೀಟರ್ ಮೀರಬಾರದೆಂದು ನಿಶ್ಚಯಿಸಿದ್ದರೆ, ಆ ವೇಗ ಮುಟ್ಟಿದಾಗ ನೇರ ರಸ್ತೆಯಲ್ಲಿ, ತಿರುವು ಬರುವ ಮೊದಲೇ, ಪೆಡಲನ್ನು ಗಟ್ಟಿಯಾಗಿ ಒತ್ತಿ 50ಕ್ಕೆ ಇಳಿಸಿ, ಆಮೇಲೆ ಕಾಲನ್ನು ಪೂರ್ತಿ ತೆಗೆಯಬೇಕು. ಮತ್ತೆ 60 ಆಗುವವರೆಗೆ ಡ್ರಮ್ಮುಗಳಿಗೂ ಡಿಸ್ಕುಗಳಿಗೂ ಗಾಳಿ ತಾಗುತ್ತದೆ. ಕಾಲನ್ನು ಪೆಡಲ್ ಮೇಲೆ ಹಗುರವಾಗಿ ಇಟ್ಟುಕೊಂಡೇ ಇಳಿಯುವ ಅಭ್ಯಾಸ ಟೋ-ಪ್ರೋದಂಥ ಕಂಟ್ರೋಲರ್ ಇರುವವರಿಗೆ ಇನ್ನೂ ಕೆಟ್ಟದ್ದು, ಏಕೆಂದರೆ ಹಗುರವಾದ ಒತ್ತಡಕ್ಕೆ ಅದು ಕ್ಯಾರವಾನಿಗೆ ಹಗುರವಾದ ಪಾಲನ್ನಷ್ಟೇ ಕಳಿಸುತ್ತದೆ, ಎರಡೂ ಕಡೆ ಬ್ರೇಕ್ ಸುಮ್ಮನೆ ಉಜ್ಜಿ ಕಾಯುತ್ತಾ ಹೋಗುತ್ತದೆ. ಗಟ್ಟಿಯಾಗಿ ಒತ್ತಿದಾಗ ಮಾತ್ರ ಹಿಂದಿನ ನಾಲ್ಕು ಚಕ್ರಗಳೂ ತಮ್ಮ ಪಾಲನ್ನು ಹೊರುವುದು ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ: ಮೂತಿ ನೆಲಕ್ಕೆ ಬಾಗುವುದಿಲ್ಲ, ಹಿಂದಿನಿಂದ ಯಾರೋ ದಬ್ಬಿದಂತಾಗುವುದಿಲ್ಲ.

ಗುಂಡಿಯನ್ನು ಒಳಕ್ಕೆ ಒತ್ತಿದರೆ ಕಾರಿನ ಬ್ರೇಕ್ ಬಿಟ್ಟು ಕ್ಯಾರವಾನಿನ ಬ್ರೇಕ್ ಮಾತ್ರ ಹಿಡಿಯುತ್ತದೆ. ಇದು ಮುಖ್ಯವಾಗಿ ತೂಗಾಟಕ್ಕೆ. ಇಳಿಜಾರಿನಲ್ಲಿ ಹಿಂದಿನ ಭಾರ ತಳ್ಳುತ್ತಿರುವಾಗ ಅಡ್ಡಗಾಳಿಯೋ ಪಕ್ಕದಲ್ಲಿ ಹಾಯ್ದ ಲಾರಿಯೋ ಕ್ಯಾರವಾನನ್ನು ಎಡಬಲಕ್ಕೆ ತೂಗಿಸಿದರೆ, ಕಾರಿನ ಬ್ರೇಕನ್ನು ಜೋರಾಗಿ ಹಾಕದೆ, ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು ಈ ಗುಂಡಿಯನ್ನು ಒತ್ತಬೇಕು; ಹಿಂದಿನಿಂದ ಎಳೆತ ಬಿದ್ದು ಕಾರು ಮತ್ತು ಕ್ಯಾರವಾನ್ ಒಂದೇ ಸಾಲಿಗೆ ಬರುತ್ತವೆ. ಆ ಗಳಿಗೆಯಲ್ಲಿ ಕೈ ಹುಡುಕಾಡಬಾರದು. ನಮ್ಮ ಕಾರಿಗೆ ಇದನ್ನು ಜೋಡಿಸಿದ ವರ್ಕ್‌ಶಾಪಿನವರು ಮೊದಲು ಗುಂಡಿಯನ್ನು ಬಲಮೊಣಕಾಲಿನ ಪಕ್ಕ, ಸ್ಟಿಯರಿಂಗಿನ ಮರೆಯಲ್ಲಿ ಕೂರಿಸಿದ್ದರು. ಹಣ ಕೊಟ್ಟು ಮತ್ತೊಂದು ವರ್ಕ್‌ಶಾಪಿನಲ್ಲಿ ಅದನ್ನು ಗೇರಿನ ಹತ್ತಿರಕ್ಕೆ ಸ್ಥಳಾಂತರಿಸಿದೆ. ಈಗ ಪಕ್ಕದಲ್ಲಿ ಕೂತ ನನ್ನ ಹೆಂಡತಿಯ ಕೈಗೂ ಅದು ಎಟುಕುತ್ತದೆ. ಜೋಡಿಸುವ ಮೊದಲೇ ಜಾಗವನ್ನು ಬೆರಳಿಟ್ಟು ತೋರಿಸಿ ಹೇಳುವುದು ಉತ್ತಮ.

ಈ ವರ್ಗದ ಮತ್ತೊಂದು ಪ್ರಸಿದ್ಧ ಕಂಟ್ರೋಲರ್ ಟೆಕಾನ್ಷಾ ಪ್ರಾಡಿಜಿ ಪಿ3. ಕ್ಯಾರವಾನಿಗೆ ಎಷ್ಟು ವೋಲ್ಟ್ ಹೋಗುತ್ತಿದೆ ಎಂಬುದನ್ನು ಅದರ ಪರದೆ ಅಂಕಿಗಳಲ್ಲಿ ತೋರಿಸುತ್ತದೆ. ದೋಷ ಹುಡುಕುವವರಿಗೆ ಅದು ದೊಡ್ಡ ಅನುಕೂಲ, ಟೋ-ಪ್ರೋ ಅಂಕಿಗಳನ್ನು ತೋರಿಸದಿರುವುದು ನಿಜವಾದ ಕೊರತೆ. ಆದರೆ ಪಿ3 ಇಡಿಯಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಹೊರಗೇ ಕೂರುತ್ತದೆ, ಮೊಣಕಾಲಿಗೆ ತಾಗುವ ಸಾಧ್ಯತೆಯಿದೆ; ಹಲವು ಹೊಸ ಕಾರುಗಳಲ್ಲಿ ಆ ಜಾಗದಲ್ಲಿ ಏರ್‌ಬ್ಯಾಗ್ ಇರುತ್ತದೆ. ಬೆಲೆಯಲ್ಲಿ ಟೋ-ಪ್ರೋ ಎಲೀಟ್ ಅಗ್ಗವೇನಲ್ಲ, 400 ಆಸ್ಟ್ರೇಲಿಯನ್ ಡಾಲರಿನ ಆಸುಪಾಸು, ಜೋಡಣೆಯ ಕೂಲಿ ಬೇರೆ.

ಕೊಳ್ಳುವವರು ಕ್ಯಾರವಾನಿನ ಕಡೆಗೂ ಗಮನ ಕೊಡಬೇಕು. 12 ವೋಲ್ಟಿನಲ್ಲಿ ಒಂದೊಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 12 ಆಂಪಿಯರ್. ನಮ್ಮ ಕ್ಯಾರವಾನ್ ಕಟ್ಟಿದವರು ಪ್ಲಗ್ಗಿನಿಂದ ಹಿಂದಿನ ಆಕ್ಸಲ್‌ವರೆಗೆ ತೆಳ್ಳನೆಯ ತಂತಿ ಎಳೆದಿದ್ದರು. ಉದ್ದನೆಯ ತೆಳು ತಂತಿಯಲ್ಲೇ ವೋಲ್ಟೇಜ್ ಸೋರಿಹೋಗಿ ಹಿಂದಿನ ಚಕ್ರಗಳಿಗೆ ತಲುಪುವುದು ಕಡಿಮೆಯಾಗುತ್ತದೆ. ಅದು ಗೊತ್ತಾದದ್ದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ. ಗುಡ್ಡ ಇಳಿದು ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುವಿನ ಹಬ್ಬಿಗೆ ಅದನ್ನು ಹಿಡಿದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಬಿಸಿಯನ್ನು ತೋರಿಸಬೇಕು. ನಮ್ಮದರಲ್ಲಿ ಮುಂದಿನ ಎರಡು ಕೈ ಹತ್ತಿರ ಒಯ್ಯಲಾಗದಷ್ಟು ಕಾದಿದ್ದವು, ಹಿಂದಿನ ಎರಡು ಬರೀ ಬೆಚ್ಚಗಿದ್ದವು. ದಪ್ಪ ತಂತಿ ಹಾಕಿಸಿ, ಡ್ರಮ್ಮಿನ ಹಿಂಬದಿಯ ಕಿಂಡಿಯಿಂದ ಶೂಗಳ ಅಂತರವನ್ನು ಸರಿಪಡಿಸಿದ ಮೇಲೆ ವ್ಯತ್ಯಾಸ ಹೋಯಿತು, ಗುಂಡಿಯನ್ನು ಮೊದಲಿಗಿಂತ ಕೆಳಗಿನ ಅಂಕದಲ್ಲಿ ಇಟ್ಟರೂ ಸಾಕಾಯಿತು. ಒಂದೇ ಚಕ್ರ ತಣ್ಣಗಿದ್ದರೆ ಶೂಗಳ ಅಂತರ ಹೆಚ್ಚಾಗಿರಬಹುದು ಅಥವಾ ಬೇರಿಂಗಿನ ಗ್ರೀಸ್ ಲೈನಿಂಗಿಗೆ ತಗುಲಿರಬಹುದು; ಒಂದೇ ಚಕ್ರ ಅತಿಯಾಗಿ ಕಾದಿದ್ದರೆ ಶೂ ಬಿಡದೆ ಉಜ್ಜುತ್ತಿರಬಹುದು. ಕಾದ ಡ್ರಮ್ಮಿಗೆ ನೀರು ಸುರಿಯಬಾರದು.

ಸಾಮಾನು ತುಂಬಿದ ಕ್ಯಾರವಾನನ್ನು ಖಾಲಿ ರಸ್ತೆಯಲ್ಲಿ 30 ಕಿಲೋಮೀಟರ್ ವೇಗದಲ್ಲಿ ಓಡಿಸಿ ಗುಂಡಿಯನ್ನು ಒತ್ತಿದಾಗ ಹಿಂದಿನಿಂದ ಗಟ್ಟಿಯಾದ ಎಳೆತ ಬೀಳಬೇಕು, ಚಕ್ರಗಳು ಕಚ್ಚಿಕೊಳ್ಳಬಾರದು. ಅಂಥ ಅಂಕವನ್ನು ಪ್ರತಿ ಪ್ರವಾಸದ ಮೊದಲು ಹೊಸದಾಗಿ ಹುಡುಕಿಕೊಳ್ಳಬೇಕು, ನೀರಿನ ಟ್ಯಾಂಕ್ ತುಂಬಿದಾಗ ಮತ್ತು ಬರಿದಾದಾಗ ಅದು ಬದಲಾಗುತ್ತದೆ. 2,000 ಕಿಲೋಗ್ರಾಂ ಮೀರಿದ ಕ್ಯಾರವಾನನ್ನು ಗುಡ್ಡಗಾಡಿನಲ್ಲಿ ಎಳೆಯುವವರಿಗೆ ಟೋ-ಪ್ರೋ ಎಲೀಟನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಅದನ್ನು ಜೋಡಿಸಲು ಕಾರನ್ನು ಕೊಡುವ ದಿನವೇ ಕ್ಯಾರವಾನಿನ ತಂತಿಗಳ ದಪ್ಪವನ್ನು ಪರೀಕ್ಷಿಸಿ ನಾಲ್ಕೂ ಮ್ಯಾಗ್ನೆಟ್ಟುಗಳ ಬಳಿ ಸಿಗುವ ವೋಲ್ಟೇಜನ್ನು ಬರೆದುಕೊಡುವಂತೆ ಆಟೋ ಎಲೆಕ್ಟ್ರಿಷಿಯನ್‌ಗೆ ಹೇಳಿ.