ಬಾರದ ಪಿಎಸ್6ಗೆ ಅಡ್ವಾನ್ಸ್ ಕೇಳುವ ಅಂಗಡಿ

ದಾವಣಗೆರೆ ಮಂಡಿಪೇಟೆ ಹತ್ತಿರದ ಒಂದು ಗೇಮ್ ಅಂಗಡಿಗೆ ಕಂಟ್ರೋಲರ್ ರಿಪೇರಿಗೆ ಹೋಗಿದ್ದೆ. ಸ್ಟಿಕ್ ಮುಟ್ಟದಿದ್ದರೂ ಎಡಕ್ಕೆ ಜಾರುತ್ತಿತ್ತು. ಹುಡುಗ ನನ್ನೆದುರೇ ಬಿಚ್ಚಿ, ಹೊಸದನ್ನು ಬೆಸುಗೆ ಹಾಕಿ, ಊದಿ ಕೊಟ್ಟ. ಕೆಲಸ ಚೊಕ್ಕ. ₹600 ಜಾಸ್ತಿ ಅನ್ನಿಸಲಿಲ್ಲ.

ಆದರೆ ಗಾಜಿನ ಮೇಲೊಂದು ಚೀಟಿ: ‘ಪಿಎಸ್6 ಬುಕಿಂಗ್, ಅಡ್ವಾನ್ಸ್ ₹5,000’. ಪಿಎಸ್6 ಅಂದರೆ ಸೋನಿಯ ಮುಂದಿನ ಪ್ಲೇಸ್ಟೇಷನ್, ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ. ಸೋನಿ ಆಗಿನ್ನೂ ಅದರ ಬೆಲೆಯನ್ನೇ ಹೇಳಿರಲಿಲ್ಲ! ‘ಅರವತ್ತು ಸಾವಿರದೊಳಗೆ ಸಿಗುತ್ತೆ ಸಾರ್’ ಅಂದರು ಓನರ್. ಹೆಸರೇನೋ ಊಹಿಸಬಹುದು, ಪಿಎಸ್2ರಿಂದ ಅಂಕಿ ಏರಿಸಿಕೊಂಡೇ ಬಂದಿದ್ದಾರಲ್ವಾ. ಬೆಲೆ ಹಾಗಲ್ಲ. ಪಿಎಸ್5 ಅಮೆರಿಕದಲ್ಲಿ 2020ರ ನವೆಂಬರ್‌ಗೇ ಬಂದಿತ್ತು. ನಮಗೆ ಸಿಕ್ಕಿದ್ದು 2021ರ ಫೆಬ್ರುವರಿಯಲ್ಲಿ, ₹49,990ಕ್ಕೆ. ‘ಪಿಎಸ್6ರಲ್ಲಿ ಹಳೇ ಗೇಮ್ ಡಿಸ್ಕ್ ಓಡುತ್ತಾ?’ ಅಂತ ಕೇಳಿದೆ. ಓನರ್ ಸುಮ್ನೆ ಮೊಬೈಲ್ ನೋಡತೊಡಗಿದರು.

ರಿಪೇರಿಗೆ ಧಾರಾಳವಾಗಿ ಹೋಗಿ. ಅಡ್ವಾನ್ಸ್ ಮಾತ್ರ ಬೇಡ.