ಡೋಣಿ ಸುತ್ತು: ಹಳ್ಳದ ದಾರಿಗೆ ಪೂರ್ತಿ ಅಂಕ, ಫ್ಯಾನಿನ ದಾರಿಗೆ ಅರ್ಧ

ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಬರುವವರಲ್ಲಿ ಬಹಳ ಮಂದಿ ಗಾಡಿ ಮೇಲೆ ನೆತ್ತಿಯ ಗಾಳಿಗುಂಡಿಗೆ ಹತ್ತಿ, ಕರೆಂಟು ತೆಗೆಯುವ ಗಾಳಿ ಫ್ಯಾನಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ತಾಸಿನೊಳಗೆ ಇಳಿದುಬಿಡುತ್ತಾರೆ. ಅಷ್ಟಕ್ಕೇ ಆದರೆ ಈ ಗುಡ್ಡಕ್ಕೆ ಬರಬೇಕಾಗಿಲ್ಲ, ಫ್ಯಾನು ಗದಗಿನ ಹಾದಿಯುದ್ದಕ್ಕೂ ಕಾಣುತ್ತವೆ. ಗುಡ್ಡದ ಬುಡದ ಡೋಣಿ ಊರಿನಲ್ಲಿ ಗಾಡಿ ಬಿಟ್ಟು, ನಡೆದು ಹತ್ತಿ, ಬೇರೆ ಮಗ್ಗುಲಿನ ಹಳ್ಳ ಹಿಡಿದು ಡೋಣಿಗೇ ಇಳಿಯುವ ಸುತ್ತಿನ ಮಾತು ಬೇರೆ. ಏರು ಸಾಧಾರಣ. ದಿನಾ ಒಂದು ತಾಸು ನಡೆಯುವ ರೂಢಿ ಇದ್ದವರಿಗೆ ಕಷ್ಟವಿಲ್ಲ, ಮೊಣಕಾಲು ನೋವಿದ್ದವರಿಗೆ ಇಳಿತ ಕಾಡುತ್ತದೆ. ಸುತ್ತಿನ ಉದ್ದ ನೆತ್ತಿಯ ಮೇಲೆ ಎಲ್ಲಿ ತಿರುಗುತ್ತೀರಿ ಎಂಬುದರ ಮೇಲಿದೆ. ನಡಿಗೆಗೇ ಐದಾರು ತಾಸು ಬೇಕು, ಇಡೀ ದಿನ ಕೈಯಲ್ಲಿ ಇಟ್ಟುಕೊಂಡೇ ಹೊರಡಿ.

ಮೊದಲು ಅನುಮತಿಯ ಮಾತು. 2019ರಿಂದ ಇದು ವನ್ಯಜೀವಿಧಾಮ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹರಡಿದ 244 ಚದರ ಕಿ.ಮೀ. ಅಡವಿ. ನಂದಿವೇರಿ ಮಠಕ್ಕೆ ಹೋಗುವ ಭಕ್ತರ ಹಾದಿ ಬೇರೆ, ಅದನ್ನು ಬಿಟ್ಟು ಹಳ್ಳಕ್ಕೆ ಇಳಿಯುವುದು ಬೇರೆ. ಎರಡನೆಯದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಜೊತೆಗೆ ಅವರ ಕಾವಲುಗಾರನೊಬ್ಬ ಇದ್ದರೆ ಇನ್ನೂ ಒಳ್ಳೆಯದು. ಇದನ್ನು ಬರೀ ಕಾಗದದ ಕಾಟ ಅಂತ ಬೈಯುವವರಿದ್ದಾರೆ. ಚಿರತೆ, ತೋಳ, ಕತ್ತೆಕಿರುಬ ಇರುವ ಗುಡ್ಡವಿದು. ಅದಕ್ಕಿಂತ ಹೆಚ್ಚಾಗಿ, ಯಾವ ಹಳ್ಳದ ಕವಲು ಎಲ್ಲಿ ಹೊರಬೀಳುತ್ತದೆ ಎಂಬುದು ಮೊಬೈಲ್ ನಕಾಶೆಗೆ ಗೊತ್ತಿಲ್ಲ, ಕಾವಲುಗಾರನಿಗೆ ಗೊತ್ತು.

ಯಾವ ಕಡೆಯಿಂದ ಹತ್ತಬೇಕು? ರಸ್ತೆಯಿಂದ ಹತ್ತಿ, ಹಳ್ಳದಿಂದ ಇಳಿಯಿರಿ. ಡೋಣಿ ಗುಡ್ಡದ ಮೂಡಣ ಮಗ್ಗುಲಿಗಿದೆ, ಹೊತ್ತು ಹುಟ್ಟಿದ ಕೂಡಲೇ ಬಿಸಿಲು ಈ ಇಳಿಜಾರಿಗೇ ಬೀಳುತ್ತದೆ. ಆರಕ್ಕೆ ಹೊರಟರೆ ಬಿಸಿಲು ಬಲಿಯುವುದರೊಳಗೆ ಮಠ ದಾಟಿ ಗಾಳಿ ಬೀಸುವ ಎತ್ತರ ಮುಟ್ಟಬಹುದು. ಮಧ್ಯಾಹ್ನ ಮೂರರ ಮೇಲೆ ಸೂರ್ಯ ಗುಡ್ಡದ ಬೆನ್ನಿಗೆ ಸರಿಯುತ್ತಾನೆ, ಹಳ್ಳದ ಇಕ್ಕಟ್ಟಿನಲ್ಲಿ ನೆರಳು ಸಿಗುತ್ತದೆ. ಉಲ್ಟಾ ಹೋದವರು ಮೇಲಿಂದ ಟಾರು ರಸ್ತೆಯಲ್ಲಿ ಬಿಸಿಲು ಕುಡಿಯುತ್ತ ಇಳಿಯಬೇಕಾಗುತ್ತದೆ.

ಹತ್ತುವ ರಸ್ತೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ತಿರುವುಗಳಲ್ಲಿ ರಸ್ತೆಗಾಗಿ ಕಡಿದ ಗೋಡೆ ಮಾತ್ರ ನೋಡಿ: ಕೆಂಪು, ಕಪ್ಪು ಪಟ್ಟೆ ಒಂದರ ಮೇಲೊಂದು ಇಳಕಲ್ ಸೀರೆಯ ದಡಿಯ ಹಾಗೆ ಕೂತಿರುತ್ತವೆ. ಅದು ಕಬ್ಬಿಣದ ಕಲ್ಲು. ಈ ಸೀಮೆಯ ಇಂಥ ಶಿಲೆಗಳ ಗುಂಪಿಗೆ ಭೂವಿಜ್ಞಾನಿಗಳು ಇಟ್ಟ ಹೆಸರೇ ‘ಧಾರವಾಡ’.

ನೆತ್ತಿಯ ಮೇಲೆ ಫ್ಯಾನುಗಳ ಸಾಲು. ಈ ಭಾಗಕ್ಕೆ ಅರ್ಧ ಅಂಕ ಕೊಟ್ಟದ್ದು ನೋಟಕ್ಕಲ್ಲ, ದಾರಿಗೆ. ಫ್ಯಾನು ಹೊತ್ತು ತರುವ ದೊಡ್ಡ ಲಾರಿಗಳಿಗಾಗಿ ಕಡಿದ ಅಗಲ ಮಣ್ಣಿನ ರಸ್ತೆಗಳಿವು, ಮರದ ನೆರಳಿಲ್ಲ. ಮೇಲಾಗಿ ದಾರಿ ತಪ್ಪಿಸುವುದೂ ಇವೇ. ಪ್ರತಿ ಕಂಬಕ್ಕೂ ಒಂದು ಕವಲು ಒಡೆಯುತ್ತದೆ, ಕವಲಿನ ಕೊನೆಗೆ ಕಂಬವೇ ಇರುತ್ತದೆ, ಮುಂದೆ ಹಾದಿ ಇರುವುದಿಲ್ಲ. ಅಗಲ ನೋಡಿ ಮುಖ್ಯ ರಸ್ತೆ ಅಂತ ನಂಬಿ ಹೋಗಿ ಮರಳಿ ಬರುವುದರಲ್ಲೇ ಮುಕ್ಕಾಲು ತಾಸು ಹೋಗುತ್ತದೆ. ಕಂಬಗಳ ಮೇಲೆ ಬರೆದ ನಂಬರನ್ನು ಒಂದೆರಡು ಕಡೆ ಬರೆದಿಟ್ಟುಕೊಳ್ಳಿ. ಮಂಜು ಕವಿದರೆ, ಯಾರಿಗಾದರೂ ಫೋನ್ ಮಾಡಿ ಎಲ್ಲಿದ್ದೇವೆ ಅಂತ ಹೇಳಬೇಕಾದರೆ, ಅದೇ ವಿಳಾಸ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿಯ ಗಾಳಿಗೆ ಛತ್ರಿ ಹಿಡಿಯುವುದು ವ್ಯರ್ಥ, ಮಳೆ ಅಂಗಿಯೇ ಬೇಕು.

ಇಳಿಯುವ ಹಳ್ಳವೇ ಈ ಸುತ್ತಿನ ಜೀವ. ಮೇಲೆ ಬಾದೆ ಹುಲ್ಲು, ಕೆಳಗಿಳಿದಂತೆ ದಿಂಡಲು, ಮಶಿವಾಳ, ಮುತ್ತಲ, ನಡುನಡುವೆ ಕವಳಿ ಕಂಟಿ, ಸೀತಾಫಲ. ಮಲೆನಾಡಿನ ಕಾಡು ನೋಡಿದ ಕಣ್ಣಿಗೆ ಇದು ಕುರುಚಲು ಅನಿಸೀತು. ಆದರೆ ಮಳೆ ಕಡಿಮೆ ಇರುವ ಈ ಬಯಲುಸೀಮೆಯಲ್ಲಿ ಹುಲ್ಲು, ಕಂಟಿ ಹಿಡಿದಿಟ್ಟ ನೀರೇ ಹಳ್ಳದಲ್ಲಿ ಮಳೆ ನಿಂತ ಮೇಲೂ ಜಿನುಗುತ್ತಿರುತ್ತದೆ. ಕೊರಕಲುಗಳು ಹೆಚ್ಚು ಬಿದ್ದಿರುವುದು ಎಲ್ಲಿ ಎಂದು ಗಮನಿಸಿದರೆ ತಿಳಿಯುತ್ತದೆ: ಫ್ಯಾನಿನ ರಸ್ತೆಯ ನೀರು ಇಳಿಜಾರಿಗೆ ಒಂದೇ ಕಡೆ ಧುಮುಕುವಲ್ಲಿ.

ಇನ್ನು ಚಿನ್ನ. ಈ ಹಳ್ಳಗಳ ಉಸುಕು ತೊಳೆದು ಚಿನ್ನ ತೆಗೆಯುವ ಜಾಲಗಾರರು ಇಲ್ಲಿ ತಲೆಮಾರುಗಳಿಂದ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ (ಇದೇ ಸಾಲನ್ನು ಆತ ಕರೆದ ಹೆಸರು) ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದದ್ದು 1874ರಲ್ಲಿ. ಮುಂದೆ ಇಪ್ಪತ್ತನೇ ಶತಮಾನದ ಶುರುವಿಗೆ ಬ್ರಿಟಿಷ್ ಕಂಪನಿಗಳು ಇಲ್ಲಿಯ ಕಬಲಾಯತಕಟ್ಟಿ ಊರಿನ ಸುತ್ತಮುತ್ತ ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. ಕೋಲಾರದ ಹಾಗೆ ಎತ್ತರದ ಗೋಪುರ, ಯಂತ್ರ ನೋಡಬೇಕೆಂದು ಬರುವವರಿಗೆ ಇಲ್ಲಿ ನಿರಾಸೆ ಖಂಡಿತ. ಇಲ್ಲಿಯ ಗುರುತು ಎಂದರೆ ತೋಡಿದ ಗುಂಡಿ, ಅದರ ಪಕ್ಕಕ್ಕೆ ಸುರಿದ ಕಲ್ಲಿನ ಗುಡ್ಡೆ. ಗುಡ್ಡೆ ಮನುಷ್ಯರು ಹಾಕಿದ್ದೋ ಮಳೆ ತಂದದ್ದೋ ಎಂದು ತಿಳಿಯಲು ಕಲ್ಲಿನ ಅಂಚು ನೋಡಿ. ಹಳ್ಳ ತಂದದ್ದು ಗುಂಡಗೆ ಸವೆದಿರುತ್ತದೆ. ಒಡೆದು ಹಾಕಿದ್ದು ಚೂಪಾಗಿದ್ದು, ಬೆಣಚುಕಲ್ಲಿನ ಬಿಳಿ ಚೂರುಗಳೇ ಹೆಚ್ಚಿರುತ್ತವೆ, ಏಕೆಂದರೆ ಚಿನ್ನ ಕೂತಿರುವುದು ಬೆಣಚಿನ ಎಳೆಗಳಲ್ಲಿ.

ಜಾಲಗಾರರ ಕಸುಬು ಅರ್ಥವಾಗಬೇಕಾದರೆ ಒಂದು ಸಣ್ಣ ಲೋಹಚುಂಬಕ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹಳ್ಳದ ತಿರುವಿನ ಒಳಮಗ್ಗುಲಿನ ಉಸುಕಿನಲ್ಲಿ ಆಡಿಸಿದರೆ ಕಪ್ಪು ಕಾಳು ಮೀಸೆಯಂತೆ ಮೆತ್ತಿಕೊಳ್ಳುತ್ತವೆ. ತಿರುವಿನ ಒಳಗೆ ನೀರು ನಿಧಾನವಾಗುತ್ತದೆ, ಭಾರದ ಕಾಳು ಅಲ್ಲೇ ಇಳಿಯುತ್ತದೆ. ಜಾಲಗಾರರೂ ಚಿನ್ನ ಹುಡುಕಿದ್ದು ಇಂಥ ಕಡೆಯೇ. ಮರದ ತಟ್ಟೆಯಲ್ಲಿ ಉಸುಕು ಇಟ್ಟು ನೀರಿನಲ್ಲಿ ತೇಲಿಸಿದರೆ ಹಗುರ ಉಸುಕು ಅಂಚು ದಾಟಿ ಹೋಗಿ, ಕಡೆಗೆ ಈ ಕಪ್ಪು ಉಳಿಯುತ್ತದೆ, ಅದೃಷ್ಟವಿದ್ದರೆ ಅದರ ನಡುವೆ ಒಂದು ಹಳದಿ ಚುಕ್ಕಿ. ಹೊಳೆದದ್ದೆಲ್ಲ ಅದಲ್ಲ. ಉಗುರಿನಿಂದ ಪದರ ಪದರವಾಗಿ ಎದ್ದರೆ ಅಭ್ರಕ, ಚಾಕು ಒತ್ತಿದಾಗ ಪುಡಿಯಾದರೆ ಗಂಧಕ ಬೆರೆತ ಕಬ್ಬಿಣದ ಖನಿಜ (ಪೈರೈಟ್); ಚಿನ್ನ ಪುಡಿಯಾಗದೆ ಚಪ್ಪಟೆಯಾಗುತ್ತದೆ. ನೋಡಿದ ಮೇಲೆ ಉಸುಕು ಅಲ್ಲೇ ಉದುರಿಸಿ ಬನ್ನಿ. ವನ್ಯಜೀವಿಧಾಮದಿಂದ ಕಲ್ಲು, ಗಿಡ ಏನೂ ತರುವಂತಿಲ್ಲ. ‘ಔಷಧಿ ಗುಡ್ಡ’ ಅಂತ ಬೇರು ಅಗೆಯುವವರಿಗೂ ಇದೇ ಮಾತು.

ಗುಂಡಿಗಳೇ ಈ ದಾರಿಯ ದೊಡ್ಡ ಅಪಾಯ. ಅವುಗಳ ಬಾಯಿಗೆ ಬಾದೆ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ, ಅಂಚಿನ ಮಣ್ಣು ಸಡಿಲ. ಕೋಲು ಊರಿ ನೆಲ ನೋಡಿಕೊಂಡೇ ಹೆಜ್ಜೆ ಇಡಬೇಕು. ಅಡ್ಡ ತೋಡಿದ ಸುರಂಗದ ಬಾಯಿ ಕಂಡರೆ ಟಾರ್ಚ್ ಇದ್ದರೂ ಒಳಗೆ ಕಾಲಿಡಬೇಡಿ. ಗಾಳಿ ಆಡದ ಜಾಗದಲ್ಲಿ ಉಸಿರು ಕಟ್ಟುವುದು ಗೊತ್ತಾಗುವುದರೊಳಗೆ ಕಾಲು ಸೋತಿರುತ್ತದೆ. ಹೆಜ್ಜೇನು ಇರುವ ಬಂಡೆಗಳ ಕೆಳಗೆ ಅತ್ತರು, ಬೀಡಿ, ಗದ್ದಲ ಮೂರೂ ಬೇಡ.

ಋತುವಿನ ವಿಷಯದಲ್ಲಿ ರಾಜಿ ಇಲ್ಲ. ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಹಳ್ಳದಲ್ಲಿ ನೀರೂ ಇರುತ್ತದೆ, ಕಲ್ಲೂ ಒಣಗಿರುತ್ತದೆ. ಮೋಡ ಕಟ್ಟಿದ ದಿನ ಹಳ್ಳಕ್ಕೆ ಇಳಿಯಬೇಡಿ, ಮೇಲೆ ಬಿದ್ದ ಮಳೆ ಕೆಳಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಜನವರಿಯ ನಂತರ ಬಾದೆ ಹುಲ್ಲು ಒಣಗಿ ಕಡ್ಡಿಯಾಗುತ್ತದೆ. ಪ್ರತಿ ಬೇಸಿಗೆಗೆ ಇಲ್ಲಿ ಬೆಂಕಿ ಬೀಳುವ ಸುದ್ದಿ ಓದುತ್ತೇವೆ. ಆಗ ಹೋಗುವುದು ನಿಮಗೂ ಒಳ್ಳೆಯದಲ್ಲ, ಗುಡ್ಡಕ್ಕೂ ಅಲ್ಲ.

ತಲೆಗೆ ಮೂರು ಲೀಟರ್ ನೀರು ಕಡಿಮೆ ಅಲ್ಲ, ಹೆಚ್ಚೂ ಅಲ್ಲ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಸಾಕು, ಪಲ್ಯ ಮಧ್ಯಾಹ್ನದೊಳಗೆ ಹಳಸುತ್ತದೆ. ತುಂಬು ಪ್ಯಾಂಟು ಹಾಕಿ, ಕಾಲುಚೀಲದೊಳಗೆ ಅದರ ತುದಿ ಸಿಕ್ಕಿಸಿ, ಇಲ್ಲದಿದ್ದರೆ ಹುಲ್ಲಿನ ಮುಳ್ಳು ಸಂಜೆವರೆಗೆ ಚುಚ್ಚುತ್ತದೆ. ಗದಗಿನಿಂದ ಬರುವ ಹಾದಿಯಲ್ಲಿ ಡಂಬಳ ಸಿಗುತ್ತದೆ, ನಕ್ಷತ್ರದಾಕಾರದ ದೊಡ್ಡಬಸಪ್ಪ ಗುಡಿ ಹಾಗೂ ಅಲ್ಲಿಯ ಕೆರೆ ಬೆಳಿಗ್ಗೆ ನೋಡುತ್ತ ನಿಂತರೆ ಗುಡ್ಡಕ್ಕೆ ತಡ, ಮರಳುವಾಗ ನೋಡಿ. ಬಸ್ಸಿನಲ್ಲಿ ಬಂದವರು ಡೋಣಿಯಲ್ಲಿ ಇಳಿದ ಕೂಡಲೇ ಸಂಜೆಯ ಕೊನೆ ಬಸ್ಸಿನ ಹೊತ್ತು ಕೇಳಿಕೊಳ್ಳಿ.

ಕೊನೆಯ ತುಣುಕು ಎರಿ, ಅಂದರೆ ಕಪ್ಪು ಮಣ್ಣಿನ ಹೊಲ. ಹಳ್ಳ ಬಯಲಿಗೆ ಬಿದ್ದ ಮೇಲೆ ಊರು ಕಣ್ಣೆದುರಿಗೇ ಇರುತ್ತದೆ, ಹೊಲದ ನಡುವೆ ನೆಟ್ಟಗೆ ಹೋಗಿಬಿಡೋಣ ಅನಿಸುತ್ತದೆ. ಹಿಂದಿನ ದಿನ ಮಳೆ ಬಿದ್ದಿದ್ದರೆ ಇಪ್ಪತ್ತು ಹೆಜ್ಜೆಗೆ ಒಂದೊಂದು ಬೂಟಿಗೆ ಸೇರು ಮಣ್ಣು ಹತ್ತುತ್ತದೆ, ಕಡಲೆ ಬಿತ್ತಿದ ರೈತ ಬೈಯುವುದು ಬೇರೆ. ಬದುವಿನ ಮೇಲೆ ನಡೆದು ಬಂಡಿ ಹಾದಿ ಸೇರಿ.