ನೀರು ಸೋರಿಕೆ ಸೆನ್ಸರ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಳಗೇ ಸೈರನ್ ಇರುವ, ಬ್ಯಾಟರಿ ಬದಲಿಸಲು ಬರುವ ಸಾಧಾರಣ ಸೆನ್ಸರ್ ಸರಿಯಾದ ಜಾಗದಲ್ಲಿದ್ದರೆ ಸಾಕು. ತಪ್ಪು ಜಾಗದಲ್ಲಿ ಕೂತ ದುಬಾರಿ ಸೆನ್ಸರಿಗಿಂತ ಅದೇ ಎಷ್ಟೋ ಮೇಲು. ದೀರ್ಘ ಬಳಕೆಯಲ್ಲಿ ಕೈಕೊಡುವುದು ಹೆಚ್ಚಾಗಿ ಇಟ್ಟ ಜಾಗ, ಆಮೇಲೆ ಬ್ಯಾಟರಿ, ಆಮೇಲೆ ಸಿಗ್ನಲ್. ಸೆನ್ಸರ್ ತಾನಾಗಿ ಕೆಡುವುದು ಇವೆಲ್ಲದರ ನಂತರದ ಮಾತು.

ಇದರೊಳಗೆ ದೊಡ್ಡ ತಂತ್ರವೇನೂ ಇಲ್ಲ. ತಳದಲ್ಲಿ ಎರಡು ಲೋಹದ ಮೊಳೆಗಳೋ ಪಟ್ಟಿಗಳೋ ಇರುತ್ತವೆ. ನಡುವೆ ನೀರು ಬಂದರೆ ಸಣ್ಣ ಕರೆಂಟ್ ಹರಿಯುತ್ತದೆ, ಸೆನ್ಸರ್ ಕೂಗುತ್ತದೆ. ಅಂದರೆ ಅದು ಗುರುತಿಸುವುದು ನೀರಿನಲ್ಲಿ ಕರಗಿದ ಲವಣವನ್ನು. ನಲ್ಲಿ ನೀರಿಗೆ ತಟ್ಟನೆ ಕೂಗುವ ಸೆನ್ಸರ್ ಆರ್‌ಒ ಫಿಲ್ಟರಿನಿಂದ ಬಂದ ನೀರಿಗೆ ತಡಮಾಡಬಹುದು, ಡಿಸ್ಟಿಲ್ಡ್ ವಾಟರಿಗೆ ಸುಮ್ಮನೇ ಇದ್ದುಬಿಡಬಹುದು. ಹಾಗಾಗಿ ಫಿಲ್ಟರಿನ ಕೆಳಗೆ ಇಡುವ ಸೆನ್ಸರನ್ನು ಫಿಲ್ಟರಿನ ನೀರಿನಲ್ಲೇ ಪರೀಕ್ಷಿಸಬೇಕು. ಎಸಿಯಿಂದ ಇಳಿಯುವ ನೀರೂ ಲವಣ ಕಡಿಮೆ ಇರುವಂಥದ್ದೇ, ಆದರೆ ಕಾಯಿಲ್ ಮೇಲಿನ ಧೂಳು ಬೆರೆಯುವುದರಿಂದ ಸಾಮಾನ್ಯವಾಗಿ ಪತ್ತೆಯಾಗುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಮೊದಲು ಸೆನ್ಸರನ್ನು ಮಗುಚಿ ತಳ ನೋಡಿ. ಮೊಳೆಗಳು ತಳದಿಂದ ಎಷ್ಟು ಹೊರಗೆ ಚಾಚಿವೆ, ನೆಲಕ್ಕೆ ಎಷ್ಟು ಹತ್ತಿರ ನಿಲ್ಲುತ್ತವೆ ಎಂಬುದೇ ಅದರ ಸೂಕ್ಷ್ಮತೆ. ನೆಲದಿಂದ ಅರ್ಧ ಮಿ.ಮೀ.ನಿಂದ 1 ಮಿ.ಮೀ. ಎತ್ತರದೊಳಗೆ ಇರಬೇಕು. ಎತ್ತರದ ರಬ್ಬರ್ ಕಾಲುಗಳ ಮೇಲೆ ನಿಂತ ಸೆನ್ಸರಿನ ಅಡಿಯಲ್ಲಿ 2 ಮಿ.ಮೀ. ನೀರು ಹರಿದು ಹೋದರೂ ಸದ್ದು ಬರದೇ ಇರಬಹುದು. ಮೊಳೆ ಸ್ಟೇನ್‌ಲೆಸ್ ಸ್ಟೀಲಿನದೋ ಚಿನ್ನದ ಲೇಪವಿರುವುದೋ ಆಗಿರಲಿ. ಬರೀ ತಾಮ್ರ, ಹಿತ್ತಾಳೆಯ ಮೊಳೆಗೆ ಒಂದೆರಡು ಸಲ ನೀರು ತಾಗಿದರೆ ಹಸಿರು ಕಿಲುಬು ಹಿಡಿಯುತ್ತದೆ. ಆ ಕಿಲುಬು ಎರಡೂ ರೀತಿಯಲ್ಲಿ ಕಾಡುತ್ತದೆ: ಒಣಗಿದ ಪೊರೆ ಮೊಳೆಯನ್ನು ಮುಚ್ಚಿ ಸೆನ್ಸರನ್ನು ಕಿವುಡಾಗಿಸುತ್ತದೆ, ತೇವದ ಹವೆಯಲ್ಲಿ ಅದೇ ಪೊರೆ ಎರಡು ಮೊಳೆಗಳ ನಡುವೆ ಸೇತುವೆಯಾಗಿ ಸುಳ್ಳು ಸೈರನ್ ಕೂಗಿಸುತ್ತದೆ.

ಮಾದರಿಗಳು ಮುಖ್ಯವಾಗಿ ಮೂರು. 9 ವೋಲ್ಟ್ ಬ್ಯಾಟರಿ ಹಾಕುವ, ಬರೀ ಸೈರನ್ ಇರುವ ಪೆಟ್ಟಿಗೆ ಮೊದಲನೆಯದು. ಆ್ಯಪ್ ಇಲ್ಲ, ಹಬ್ (ಸೆನ್ಸರಿನ ಸಂದೇಶವನ್ನು ಇಂಟರ್ನೆಟ್ಟಿಗೆ ದಾಟಿಸುವ ಪೆಟ್ಟಿಗೆ) ಇಲ್ಲ, ಕೆಡುವುದಕ್ಕೂ ಏನೂ ಇಲ್ಲ. ಯಾವಾಗಲೂ ಯಾರಾದರೊಬ್ಬರು ಇರುವ ಮನೆಗೆ ಇದೇ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಎರಡನೆಯದು ಬಟನ್ ಸೆಲ್ಲಿನ ಪುಟ್ಟ ಜಿಗ್‌ಬೀ (ಕಡಿಮೆ ಬ್ಯಾಟರಿಯಲ್ಲಿ ನಡೆಯುವ ವೈರ್‌ಲೆಸ್ ಸಂಪರ್ಕ) ಬಿಲ್ಲೆ. ಹಬ್ ಬೇಕು, ಆದರೆ ಒಂದು ಸಿಆರ್2032 ಸೆಲ್ಲಿನಲ್ಲೇ ಬಹುಕಾಲ ನಡೆಯುತ್ತದೆ. ಇವುಗಳಲ್ಲಿ ಅನೇಕವಕ್ಕೆ ಸೈರನ್ ಇರುವುದಿಲ್ಲ, ಫೋನಿಗೆ ಸಂದೇಶ ಮಾತ್ರ. ಕೊಳ್ಳುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಮೂರನೆಯದು ವೈಫೈ ಸೆನ್ಸರ್. ಹಬ್ಬಿನ ಗೊಡವೆ ಇಲ್ಲ, ಆದರೆ ಬ್ಯಾಟರಿ ಉಳಿಸಲು ಅದು ಸದಾ ನಿದ್ದೆಯಲ್ಲಿರುತ್ತದೆ. ನೀರು ತಾಗಿದಾಗ ಎದ್ದು, ರೂಟರಿಗೆ ಸೇರಿ, ಆಮೇಲೆ ಸಂದೇಶ ಕಳಿಸಬೇಕು. ಆ ಹೊತ್ತಿಗೆ ರೂಟರ್ ಆಫ್ ಆಗಿದ್ದರೆ ಅಥವಾ ಯಾರಾದರೂ ಪಾಸ್‌ವರ್ಡ್ ಬದಲಿಸಿದ್ದರೆ ಸಂದೇಶ ಬರುವುದೇ ಇಲ್ಲ, ಬಂದಿಲ್ಲವೆಂದು ನಿಮಗೆ ಗೊತ್ತಾಗುವುದೂ ಇಲ್ಲ.

ಹಗ್ಗದಂಥ ಕೇಬಲ್ ಸೆನ್ಸರ್ ಸಿಕ್ಕುವ ಮಾದರಿಯಾದರೆ ಕನಿಷ್ಠ ಒಂದಾದರೂ ತನ್ನಿ. ಉದ್ದಕ್ಕೂ ಎಲ್ಲಿ ನೀರು ತಾಗಿದರೂ ಅದು ಹಿಡಿಯುತ್ತದೆ. ವಾಷಿಂಗ್ ಮೆಷಿನ್ನಿನ ಹಿಂದೆ, ಗೋಡೆಯಂಚಿನ ಉದ್ದಕ್ಕೆ ಬಿಲ್ಲೆಗಿಂತ ಇದು ಬಹಳ ಉತ್ತಮ. ಕೊರತೆಯೆಂದರೆ, ಬಟ್ಟೆ ಹೊದಿಕೆಯ ಕೇಬಲ್ ಒಮ್ಮೆ ನೆನೆದರೆ ಒಣಗಲು ಗಂಟೆಗಟ್ಟಲೆ ಬೇಕು, ಅಲ್ಲಿಯವರೆಗೆ ಸೈರನ್ ನಿಲ್ಲದು. ಸೋಪಿನ ನೀರಿನಲ್ಲಿ ನೆನೆದಿದ್ದರೆ ಒಣಗುವ ಮೊದಲು ಸಾದಾ ನೀರಿನಲ್ಲಿ ಜಾಲಾಡಿಸಬೇಕು, ಇಲ್ಲದಿದ್ದರೆ ಉಳಿದ ಸೋಪೇ ಮುಂದೆ ಸುಳ್ಳು ಸೈರನ್‌ಗೆ ಕಾರಣವಾಗುತ್ತದೆ.

ಎಲ್ಲಿ ಇಡಬೇಕು

ಇದಕ್ಕೊಂದೇ ದಾರಿ: ಮೊದಲು ನೀರು ಸುರಿದು ನೋಡಿ, ಆಮೇಲೆ ಸೆನ್ಸರ್ ಇಡಿ. ಒಂದು ಲೋಟ ನೀರನ್ನು ಸೋರಬಹುದಾದ ಜಾಯಿಂಟಿನ ನೇರ ಕೆಳಗೆ ನಿಧಾನವಾಗಿ ಸುರಿಯಿರಿ. ಕಣ್ಣಿಗೆ ಮಟ್ಟಸ ಎನಿಸುವ ನೆಲಕ್ಕೂ ಒಂದು ಓಟ ಇರುತ್ತದೆ. ನೀರು ಟೈಲ್ಸ್ ನಡುವಿನ ಸಂದು ಹಿಡಿದು ಸಣ್ಣ ಗೆರೆಯಾಗಿ ಹೊರಡುತ್ತದೆ, ಒಂದು ಕಡೆ ತಿರುಗುತ್ತದೆ, ಸೆನ್ಸರ್ ಇಡಬೇಕೆಂದುಕೊಂಡ ಜಾಗಕ್ಕೆ ನಾಲ್ಕು ಬೆರಳು ದೂರದಲ್ಲೇ ಹಾದು ಹೋಗಿಬಿಡುತ್ತದೆ. ಎಲ್ಲಿ ನಿಂತು ಮಡುಗಟ್ಟಿತೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಸೆನ್ಸರಿನ ಜಾಗ ಅದೇ.

ಲೆಕ್ಕವನ್ನೂ ನೋಡಿ. 1 ಲೀಟರ್ ನೀರು 1 ಮಿ.ಮೀ. ದಪ್ಪದಲ್ಲಿ ಹರಡಿದರೆ ಸರಿಯಾಗಿ 1 ಚದರ ಮೀಟರ್ ಆಗುತ್ತದೆ. ಮಟ್ಟಸ ನೆಲದ ಮೇಲೆ ನೀರು ಅದಕ್ಕಿಂತ ದಪ್ಪವಾಗಿಯೇ ನಿಲ್ಲುವುದರಿಂದ ಹರಡುವ ಜಾಗ ಇನ್ನೂ ಕಡಿಮೆ. ಅಂದರೆ ಕೋಣೆಯ ಇನ್ನೊಂದು ಮೂಲೆಯ ಸೆನ್ಸರಿಗೆ ನೀರು ತಲುಪುವಷ್ಟರಲ್ಲಿ ಹತ್ತಾರು ಲೀಟರ್ ಹೋಗಿರುತ್ತದೆ. ಸೆಕೆಂಡಿಗೊಂದು ಹನಿ ಬೀಳುವ ಸೋರಿಕೆಯೂ ಸಣ್ಣದಲ್ಲ: ದಿನಕ್ಕೆ 86,400 ಹನಿ, 20 ಹನಿಗೆ 1 ಮಿ.ಲೀ. ಎಂದು ಹಿಡಿದರೂ 4 ಲೀಟರಿಗೆ ಮೇಲೆ.

ಅಡುಗೆಮನೆ ಸಿಂಕಿನ ಕೆಳಗಿನ ಕಪಾಟಿಗೆ ಮೊದಲ ಸೆನ್ಸರ್. ಆಂಗಲ್ ವಾಲ್ವ್ (ಗೋಡೆಯ ಪೈಪಿನ ಬಾಯಲ್ಲಿ ನೀರು ನಿಲ್ಲಿಸುವ ಪುಟ್ಟ ವಾಲ್ವ್), ಅದರಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್, ಬಾಟಲ್ ಟ್ರ್ಯಾಪ್ (ಮೋರಿಯ ವಾಸನೆ ತಡೆಯುವ ಡಬ್ಬಿ), ವೇಸ್ಟ್ ಪೈಪ್, ಎಷ್ಟೋ ಮನೆಗಳಲ್ಲಿ ಫಿಲ್ಟರಿನ ಕಾಲು ಇಂಚಿನ ಟ್ಯೂಬೂ ಅಲ್ಲೇ ಇರುತ್ತದೆ. ಇಷ್ಟೊಂದು ಜಾಯಿಂಟುಗಳು ಒಂದೇ ಕಡೆ ಸೇರುವ ಜಾಗ ಮನೆಯಲ್ಲಿ ಬೇರೆಲ್ಲೂ ಇಲ್ಲ. ಮರದ ಅಥವಾ ಪ್ಲೈವುಡ್ ತಳವಾದರೆ ಅದರ ಮೇಲೆ ಅಂಚಿರುವ ಪ್ಲಾಸ್ಟಿಕ್ ಟ್ರೇ ಇಟ್ಟು ಸೆನ್ಸರನ್ನು ಟ್ರೇ ಒಳಗೆ ಇಡಿ. ಟ್ರೇ ಇಲ್ಲದಿದ್ದರೆ ಹನಿಹನಿ ಸೋರಿಕೆಯನ್ನು ಪ್ಲೈವುಡ್ಡೇ ಹೀರಿಕೊಳ್ಳುತ್ತದೆ. ಸೆನ್ಸರ್ ಕೂಗುವ ಮೊದಲೇ ತಳ ಉಬ್ಬಿರುತ್ತದೆ. ಟ್ರೇಯ ಒಂದು ಬದಿಗೆ ತೆಳುವಾದ ಚಕ್ಕೆ ಕೊಟ್ಟು 3–4 ಮಿ.ಮೀ. ಎತ್ತರಿಸಿ, ತಗ್ಗಿನ ಬದಿಯಲ್ಲಿ ಸೆನ್ಸರ್ ಇಟ್ಟರೆ ಒಂದೆರಡು ಚಮಚ ನೀರಿಗೇ ಕೂಗುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ದೊಡ್ಡ ಲಾಭ ಈ ಇಡೀ ವಿಷಯದಲ್ಲಿ ಇನ್ನೊಂದಿಲ್ಲ.

ವಾಷಿಂಗ್ ಮೆಷಿನ್ನಿನ ಒಳಬರುವ ಹೋಸ್ ಸದಾ ಒತ್ತಡದಲ್ಲಿರುತ್ತದೆ, ಮೆಷಿನ್ ಆಫ್ ಇದ್ದರೂ. ಸೆನ್ಸರ್ ಮೆಷಿನ್ನಿನ ಹಿಂಬದಿಗೆ, ನಲ್ಲಿ ಇರುವ ಕಡೆಗೆ ಇರಲಿ. ಒಗೆಯುವಾಗಿನ ಅದುರಿಗೆ ಬಿಲ್ಲೆ ಜಾರಿ ಜಾರಿ ಎಲ್ಲೋ ಹೋಗಿರುತ್ತದೆ. ಕೇಬಲನ್ನು 30–40 ಸೆಂ.ಮೀ.ಗೊಂದು ಕ್ಲಿಪ್ ಹಾಕಿ ನೆಲಕ್ಕೆ ಹಿಡಿಸುವುದು ವಾಸಿ. ಹಗುರವಾದ ಬಿಲ್ಲೆ ಹೆಚ್ಚು ನೀರಿನಲ್ಲಿ ತೇಲುವುದೂ ಉಂಟು, ಆದರೆ ಅಷ್ಟು ಹೊತ್ತಿಗೆ ಕೂಗಿರುತ್ತದೆ, ಚಿಂತೆಯಿಲ್ಲ. ಡಬಲ್ ಟೇಪಿನಿಂದ ಅಂಟಿಸುವವರು ಟೇಪಿನ ದಪ್ಪ ಮರೆಯಬಾರದು: 1 ಮಿ.ಮೀ. ದಪ್ಪದ ಫೋಮ್ ಟೇಪ್ ಮೊಳೆಯನ್ನು ನೀರಿನಿಂದ ಅಷ್ಟೇ ಮೇಲಕ್ಕೆ ಎತ್ತುತ್ತದೆ.

ಗೀಸರಿನ ವಿಷಯದಲ್ಲಿ ಎಚ್ಚರ ಬೇಕು. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು ಶೇ. 1.5ರಷ್ಟು ಹಿಗ್ಗುತ್ತದೆ, ಅಂದರೆ 350 ಮಿ.ಲೀ. ಮೀರಿ. ಒಳಬರುವ ಕಡೆ ನಾನ್-ರಿಟರ್ನ್ ವಾಲ್ವ್ ಇದ್ದರೆ ಈ ನೀರು ಹಿಂದೆ ಹೋಗಲಾಗದೆ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುತ್ತದೆ. ಅದು ಸೋರಿಕೆಯಲ್ಲ, ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ಆ ಹನಿಯ ಕೆಳಗೆ ಸೆನ್ಸರ್ ಇಟ್ಟರೆ ದಿನವೂ ಕೂಗಿ, ಕೊನೆಗೆ ಬೇಸತ್ತು ಬ್ಯಾಟರಿ ತೆಗೆದಿಡುವಂತಾಗುತ್ತದೆ. ಸೇಫ್ಟಿ ವಾಲ್ವಿಗೆ ಸಣ್ಣ ಪೈಪ್ ಕೊಟ್ಟು ಮೋರಿಗೆ ಇಳಿಸಿ, ಸೆನ್ಸರನ್ನು ಟ್ಯಾಂಕಿನ ತಳದ ನೇರಕ್ಕೆ ಇಡಿ. ಆ ಪೈಪಿನ ಬಾಯಿಯನ್ನು ಎಂದಿಗೂ ಮುಚ್ಚಬೇಡಿ.

ಬಚ್ಚಲ ನೆಲ ದಿನವೂ ನೆನೆಯುತ್ತದೆ, ಅಲ್ಲಿ ಸೆನ್ಸರ್ ವ್ಯರ್ಥ. ಅದರ ಬದಲು ಹೊಸ್ತಿಲಿನ ಹೊರಬದಿಯಲ್ಲಿ ಒಂದು ಇಟ್ಟರೆ ಮೋರಿ ಕಟ್ಟಿಕೊಂಡು ನೀರು ಹೊರಗೆ ಬಂದಾಗ ತಿಳಿಯುತ್ತದೆ. ಒಣ ನೆಲದ ಟಾಯ್ಲೆಟ್ಟಿನಲ್ಲಿ ಕಮೋಡಿನ ಹಿಂದೆ ಇಡಬಹುದು, ಆದರೆ ತಣ್ಣೀರಿನ ಸಿಸ್ಟರ್ನ್ (ಫ್ಲಷ್ ಟ್ಯಾಂಕ್) ತೇವದ ಹವೆಯಲ್ಲಿ ಬೆವರುತ್ತದೆ. ಆ ಬೆವರು ತೊಟ್ಟಿಕ್ಕುವ ಗೆರೆಯಿಂದ ಸೆನ್ಸರನ್ನು ಒಂದು ಗೇಣು ದೂರವಿಡಿ. ಮರದ ಅಥವಾ ಲ್ಯಾಮಿನೇಟ್ ನೆಲದಲ್ಲಿ ನೀರು ಹಲಗೆಯ ಸಂದಿನಿಂದ ಕೆಳಗಿಳಿದು ಮೇಲ್ಮೈ ಒಣಗಿಯೇ ಇರುತ್ತದೆ. ಅಂಥ ಕಡೆ ನೀರಿನ ಮೂಲದ ಕೆಳಗೆ ಟ್ರೇ ಇಡದೆ ಬೇರೆ ಉಪಾಯವಿಲ್ಲ.

ಸಿಗ್ನಲ್, ಬ್ಯಾಟರಿ, ಕೊಳೆ

ಜಿಗ್‌ಬೀ ಮತ್ತು ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಒಂದಕ್ಕೊಂದು ಅಡ್ಡ ಬರುತ್ತವೆ. ಹಬ್ಬನ್ನು ರೂಟರಿಗೆ ಒತ್ತಿ ಇಡಬೇಡಿ, ಒಂದೆರಡು ಮೀಟರ್ ಅಂತರವಿರಲಿ. ವೈಫೈ 1, 6, 11ನೇ ಚಾನೆಲ್‌ಗಳಲ್ಲಿದ್ದರೆ ಜಿಗ್‌ಬೀಯ 25ನೇ ಚಾನೆಲ್ ಹೆಚ್ಚು ನೆಮ್ಮದಿಯದು. ಫ್ರಿಜ್, ವಾಷಿಂಗ್ ಮೆಷಿನ್, ಸ್ಟೀಲ್ ಕಪಾಟು ಇವೆಲ್ಲ ಸಿಗ್ನಲ್ ತಡೆಯುವ ಲೋಹದ ಗೋಡೆಗಳೇ. ಬ್ಯಾಟರಿಯ ಸೆನ್ಸರ್‌ಗಳು ಒಂದರ ಸಂದೇಶವನ್ನು ಇನ್ನೊಂದು ದಾಟಿಸುವುದಿಲ್ಲ. ಆ ಕೆಲಸಕ್ಕೆ ನಡುವೆ ಕರೆಂಟಿನಲ್ಲಿ ಓಡುವ ಒಂದು ಜಿಗ್‌ಬೀ ಪ್ಲಗ್ ಬೇಕು. ಹಬ್ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಫೋನಿನಲ್ಲಿ ಆ ಆ್ಯಪ್ಪಿಗೆ ಮಾತ್ರ ರಾತ್ರಿಯ ಮೌನ (ಡು ನಾಟ್ ಡಿಸ್ಟರ್ಬ್) ಮೀರುವ ಅನುಮತಿ ಕೊಡಿ. ಜನ ಹೆಚ್ಚಾಗಿ ಮರೆಯುವ ಸೆಟ್ಟಿಂಗ್ ಇದೇ.

ಆ್ಯಪ್ ತೋರಿಸುವ ಬ್ಯಾಟರಿ ಶೇಕಡಾವಾರನ್ನು ನಾನು ನಂಬುವುದಿಲ್ಲ. ಲಿಥಿಯಂ ಬಟನ್ ಸೆಲ್ಲಿನ ವೋಲ್ಟೇಜ್ ಬಹುಕಾಲ 3 ವೋಲ್ಟಿನ ಸುತ್ತಲೇ ನಿಂತು, ಕೊನೆಯಲ್ಲಿ ಸರ್ರನೆ ಇಳಿಯುತ್ತದೆ. ನಿನ್ನೆ ಬಹಳಷ್ಟು ಉಳಿದಿದೆ ಎಂದು ತೋರಿಸಿದ ಸೆಲ್ ನಾಳೆ ಸತ್ತಿರಬಹುದು. ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಸೆಲ್ ಮೇಲೆ ಮಾರ್ಕರಿನಿಂದ ತಿಂಗಳು ಬರೆದಿಡಿ. ತೆಗೆದ ಸೆಲ್ಲುಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು ಮುಖ್ಯ. ಬಟನ್ ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಮೂರು ತಿಂಗಳಿಗೊಮ್ಮೆ ಸೆನ್ಸರ್ ಇರುವ ಜಾಗದಲ್ಲೇ ಒಂದು ಚಮಚ ನಲ್ಲಿ ನೀರು ಹಾಕಿ, ಫಿಲ್ಟರಿನ ಕೆಳಗಿನದಕ್ಕೆ ಫಿಲ್ಟರಿನ ನೀರು. ಒದ್ದೆ ಬೆರಳಿನಿಂದ ಮೊಳೆ ಮುಟ್ಟಿದರೆ ಸೆನ್ಸರ್ ಸರಿಯಿದೆ ಎಂದಷ್ಟೇ ತಿಳಿಯುತ್ತದೆ, ಅದು ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯುವುದಿಲ್ಲ. ಕೂಗಿದ ಮೇಲೆ ಒರೆಸಿ, ಗಡಸು ನೀರಿನ ಬಿಳಿ ಕಲೆ ಮೊಳೆಗೆ ಕಟ್ಟಿದ್ದರೆ ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ, ಸಾದಾ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಒಣಗಿಸಿ. ನೆಲ ಒರೆಸುವ ದ್ರಾವಣದ ಪೊರೆಯೂ ಸುಳ್ಳು ಸೈರನ್‌ಗೆ ದೊಡ್ಡ ಕಾರಣ. ಮನೆ ಒರೆಸುವವರಿಗೆ ಸೆನ್ಸರ್‌ಗಳು ಎಲ್ಲೆಲ್ಲಿವೆ, ಎತ್ತಿದರೆ ಎಲ್ಲಿ ಮರಳಿ ಇಡಬೇಕು ಎಂದು ತೋರಿಸಿಕೊಡಿ.

ತಾನಾಗಿ ಮುಚ್ಚುವ ವಾಲ್ವ್ ಬೇಕೇ?

ಸೆನ್ಸರ್ ಕೂಗಿದೊಡನೆ ಪೈಪಿನ ನೀರನ್ನು ಮೋಟಾರಿನಿಂದ ತಾನೇ ನಿಲ್ಲಿಸುವ ವಾಲ್ವ್ ಇದು. ದಿನಗಟ್ಟಲೆ ಬೀಗ ಹಾಕಿ ಹೋಗುವ ಮನೆಗೆ ಬೇಕು. ಫೋನಿಗೆ ಸಂದೇಶ ಬಂದರೂ ನೀರು ನಿಲ್ಲಿಸುವ ಕೈ ಅಲ್ಲಿರುವುದಿಲ್ಲ. ಆದರೆ ಸೆನ್ಸರ್‌ಗಳನ್ನು ಕೆಲವು ತಿಂಗಳು ಬರೀ ಸೈರನ್ ಆಗಿ ಬಳಸಿ, ಸುಳ್ಳು ಸದ್ದುಗಳು ನಿಂತ ಮೇಲಷ್ಟೇ ವಾಲ್ವಿಗೆ ಜೋಡಿಸಿ.

ಹಿಡಿಕೆಯನ್ನು ಹೊರಗಿನಿಂದ ತಿರುಗಿಸುವ ಮೋಟಾರು ಕಾಲು ಸುತ್ತಿನ ಬಾಲ್ ವಾಲ್ವಿಗೆ ಮಾತ್ರ ಆಗುತ್ತದೆ. ಹಲವು ಸುತ್ತು ತಿರುಗಿಸುವ ಗೇಟ್ ವಾಲ್ವಿಗೆ ಆಗದು. ಹಿಡಿಕೆ ಒಂದೇ ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಮೊದಲು ವಾಲ್ವನ್ನೇ ಬದಲಿಸಿ, ಮೋಟಾರು ಅದನ್ನು ಗೆಲ್ಲಲಾರದು. ಗಡಸು ನೀರಿನಲ್ಲಿ ತಿಂಗಳುಗಟ್ಟಲೆ ಅಲ್ಲಾಡದ ಬಾಲ್ ಕಚ್ಚಿಕೊಳ್ಳುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಮುಚ್ಚಿ ತೆರೆಯುವಂತೆ ಆ್ಯಪ್ಪಿನಲ್ಲಿ ಸಮಯ ಹಾಕಿಡಿ. ಸಾಮಾನ್ಯ ಮೋಟಾರ್ ವಾಲ್ವ್ ಕರೆಂಟ್ ಹೋದಾಗ ಇದ್ದ ಸ್ಥಿತಿಯಲ್ಲೇ ನಿಲ್ಲುತ್ತದೆ, ಮುಚ್ಚಿಕೊಳ್ಳುವುದಿಲ್ಲ. ವಾಲ್ವಿನ ಹಿಂದೆ ಪ್ರೆಷರ್ ಪಂಪ್ ಇದ್ದರೆ ವಾಲ್ವ್ ಮುಚ್ಚುವಾಗ ಪಂಪೂ ನಿಲ್ಲುವಂತೆ ಜೋಡಿಸಬೇಕು. ಬೆಂಕಿ ಆರಿಸುವ ಸ್ಪ್ರಿಂಕ್ಲರಿನ ಲೈನ್ ಮಾತ್ರ ಈ ವಾಲ್ವಿಗಿಂತ ಮೊದಲೇ ಕವಲೊಡೆದಿರಬೇಕು.

ಗೋಡೆಯೊಳಗಿನ ಪೈಪಿನ ಸೋರಿಕೆಗೆ ಈ ಯಾವ ಸೆನ್ಸರೂ ಉಪಯೋಗಕ್ಕೆ ಬಾರದು, ಅಲ್ಲಿ ನೀರು ಮೊಳೆಗೆ ತಾಗುವುದೇ ಇಲ್ಲ. ನಲ್ಲಿಗಳಿಗೆ ನೀರು ಮೀಟರಿನಿಂದ ನೇರವಾಗಿ ಬರುವ ಮನೆಯಲ್ಲಿ ಅದಕ್ಕೆ ಆ ಮೀಟರೇ ಸಾಧನ: ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕ್ ತುಂಬುತ್ತಿಲ್ಲವೆಂದು ನೋಡಿಕೊಂಡು, ಮೀಟರಿನ ಕೆಂಪು ಅಂಕೆಗಳನ್ನೂ ಸೇರಿಸಿ ಬರೆದುಕೊಳ್ಳಿ. ಎರಡು ಗಂಟೆ ಯಾರೂ ನೀರು ಮುಟ್ಟದೆ ಮತ್ತೆ ನೋಡಿದಾಗ ಅಂಕೆ ಸರಿದಿದ್ದರೆ ಒಂದೊಂದೇ ಆಂಗಲ್ ವಾಲ್ವ್ ಮುಚ್ಚುತ್ತಾ ಮತ್ತೆ ಅಳೆಯಿರಿ. ಟಾಯ್ಲೆಟ್ ಸಿಸ್ಟರ್ನಿನದನ್ನೇ ಮೊದಲು ಮುಚ್ಚಿ ನೋಡಿ. ಅದರ ಫ್ಲಷ್ ವಾಷರ್ ಸವೆದು ಸದ್ದಿಲ್ಲದೆ ಕಮೋಡಿಗೆ ಹರಿದು ಹೋಗುವ ನೀರು ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ.